ಇಬ್ಬರು ಗೆಳೆಯರು, ಎರಡು ಊರು, ರಾತ್ರಿಗೊಂದು ಪಬ್: ಐರ್ಲೆಂಡ್ ವೀಕೆಂಡಿಗೆ ಮಾರ್ಗದರ್ಶಿ

ಐರ್ಲೆಂಡಿಗೆ ವೀಕೆಂಡ್ ಹೋಗುವವರ ಪ್ಲ್ಯಾನ್ ಹೆಚ್ಚಾಗಿ ಒಂದೇ ಥರ ಇರುತ್ತದೆ. ಶುಕ್ರವಾರ ರಾತ್ರಿ ಡಬ್ಲಿನ್. ಶನಿವಾರ ಬೆಳಗಿನ ಜಾವ ಟೂರ್ ಬಸ್ ಹತ್ತಿ ಸಮುದ್ರದಂಚಿನ ಮೋಹರ್ ಬಂಡೆಗಳು. ರಾತ್ರಿ ವಾಪಸ್ ಬಂದು ಟೆಂಪಲ್ ಬಾರ್ ಅನ್ನುವ ಬಡಾವಣೆಯಲ್ಲಿ ನಾಲ್ಕೈದು ಪಬ್ ಸುತ್ತುವುದು. ಭಾನುವಾರ ಗಿನ್ನೆಸ್ ಬಿಯರ್ ಕಾರ್ಖಾನೆ, ಆಮೇಲೆ ವಿಮಾನ. ಹೀಗೆ ಹೋದರೆ ಫೋಟೋಗಳಂತೂ ಸಿಗುತ್ತವೆ. ಆದರೆ ಅಲ್ಲಿನ ಜನ ಸಂಜೆಯಾದರೆ ಯಾಕೆ ಪಬ್ಬಿಗೆ ಹೋಗುತ್ತಾರೆ ಅನ್ನುವುದು ಗೊತ್ತಾಗುವುದೇ ಇಲ್ಲ. ಅವರು ಪಬ್‌ಗಳನ್ನು ಸುತ್ತುವುದಿಲ್ಲ. ಒಂದು ಕಡೆ ಕೂರುತ್ತಾರೆ. ಮೂರು ಗಂಟೆ ಮಾತಾಡುತ್ತಾರೆ, ಹಾಡು ಕೇಳುತ್ತಾರೆ, ಎದ್ದು ಹೋಗುತ್ತಾರೆ.

ನಾನು ಹೇಳುವ ಪ್ಲ್ಯಾನ್ ಆ ಕೂರುವಿಕೆಗೆ ಜಾಗ ಮಾಡಿಕೊಡುವಂಥದ್ದು. ಇಬ್ಬರು, ಎರಡು ಊರು, ರಾತ್ರಿಗೆ ಒಂದೇ ಪಬ್. ನನ್ನ ಜೊತೆ ಬಂದ ಗೆಳೆಯ ಕುಡಿಯುವವನಲ್ಲ, ಮಾಂಸ ತಿನ್ನುವವನೂ ಅಲ್ಲ. ಪಬ್ಬಿನಲ್ಲಿ ನನಗಿಂತ ಜಾಸ್ತಿ ಹೊತ್ತು ಕೂರೋಣ ಅಂದವನು ಅವನೇ. ಹಾಗಾಗಿ "ನಾನು ಕುಡಿಯಲ್ಲ, ನಂಗ್ಯಾಕೆ ಐರ್ಲೆಂಡು" ಅನ್ನುವವರೂ ಇದನ್ನು ಓದಬಹುದು.

ಬೆಂಗಳೂರಿನಿಂದ ಡಬ್ಲಿನ್‌ಗೆ ನೇರ ವಿಮಾನ ಇಲ್ಲ. ಇದು ಲಂಡನ್, ಮ್ಯಾಂಚೆಸ್ಟರ್, ಆಮ್‌ಸ್ಟರ್‌ಡ್ಯಾಮ್, ಫ್ರಾಂಕ್‌ಫರ್ಟ್ ಕಡೆ ಇರುವ ನಮ್ಮವರಿಗೆ ಬರೆದದ್ದು. ಕೆಲಸಕ್ಕೋ ಓದಿಗೋ ಡಬ್ಲಿನ್‌ಗೇ ಬಂದಿಳಿದಿರುವವರು ವೀಸಾ ಭಾಗ ಬಿಟ್ಟು ಮುಂದೆ ಓದಿ.

ಹೆಜ್ಜೆ 1: ಮೊದಲು ವೀಸಾ, ಆಮೇಲೆ ಟಿಕೆಟ್

ಇಲ್ಲಿ ತಪ್ಪು ತಿಳಿವಳಿಕೆ ಬಹಳ. ಐರ್ಲೆಂಡ್ ಯುರೋಪಿಯನ್ ಯೂನಿಯನ್‌ನಲ್ಲಿದೆ, ಯೂರೋ ನಡೆಯುತ್ತದೆ, ಆದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಷೆಂಗೆನ್ ದೇಶಗಳ ಗುಂಪಿನಲ್ಲಿ ಇಲ್ಲ. ಜರ್ಮನಿಯ ಅಥವಾ ನೆದರ್‌ಲ್ಯಾಂಡ್ಸ್‌ನ ವೀಸಾ, ರೆಸಿಡೆನ್ಸ್ ಪರ್ಮಿಟ್ ತೋರಿಸಿದರೆ ಒಳಗೆ ಬಿಡುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದರೆ ಐರ್ಲೆಂಡಿನದೇ ವೀಸಾ ಬೇಕು.

ಬ್ರಿಟನ್‌ನಲ್ಲಿ ಕೆಲಸದ ಅಥವಾ ಓದಿನ ವೀಸಾ ಮೇಲೆ ಇರುವವರಿಗೂ ಇದೇ ನಿಯಮ. ಬ್ರಿಟನ್ ಮತ್ತು ಐರ್ಲೆಂಡ್ ಜನ ಪರಸ್ಪರ ಓಡಾಡುವುದನ್ನು ನೋಡಿ ನಮಗೂ ಹಾಗೇ ಅಂದುಕೊಳ್ಳಬೇಡಿ. ಒಂದು ವಿನಾಯಿತಿ ಇದೆ. ಭಾರತೀಯರಿಗೆ ಕೊಡುವ ಕೆಲವು ಬ್ರಿಟಿಷ್ ವಿಸಿಟರ್ ವೀಸಾಗಳ ಮೇಲೆ 'ಬಿಐವಿಎಸ್' ಅಂತ ನಮೂದಾಗಿರುತ್ತದೆ. ಅದಿದ್ದರೆ ಮೊದಲು ಬ್ರಿಟನ್‌ಗೆ ಇಳಿದು, ಅಲ್ಲಿಂದ ಐರ್ಲೆಂಡಿಗೆ ಹೋಗಬಹುದು. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಅವರ ವೀಸಾದಲ್ಲಿ ಇದನ್ನು ಹುಡುಕಿ.

ಇನ್ನೊಂದು ಮುಖ್ಯ ವಿಷಯ. ಬೆಲ್‌ಫಾಸ್ಟ್ ಇರುವುದು ಉತ್ತರ ಐರ್ಲೆಂಡಿನಲ್ಲಿ, ಅಂದರೆ ಬ್ರಿಟನ್ ಆಡಳಿತದಲ್ಲಿ. ರಸ್ತೆಯಲ್ಲಿ ಗಡಿಯ ಗೇಟು ಕಾಣುವುದಿಲ್ಲ. ಹಾಗಂತ ಬ್ರಿಟನ್ ವೀಸಾ ಇಲ್ಲದೆ ಸುಮ್ನೆ ರೈಲು ಹತ್ತಿಬಿಡಬೇಡಿ, ಅದು ಕಾನೂನಿಗೆ ವಿರುದ್ಧ.

ಒಂದು ಸಲದ ಪ್ರವೇಶದ ವೀಸಾಗೆ 60 ಯೂರೋ, ಹಲವು ಸಲದ್ದಕ್ಕೆ 100 ಯೂರೋ. ವಾರಗಟ್ಟಲೆ ಹಿಡಿಯಬಹುದು. ವೀಸಾ ಕೈಗೆ ಬರುವ ತನಕ ವಾಪಸ್ ಸಿಗದ ಟಿಕೆಟ್ ಯಾವುದನ್ನೂ ಕೊಳ್ಳಬೇಡಿ.

ಹೆಜ್ಜೆ 2: ಯಾವ ವೀಕೆಂಡ್?

ಮೇ, ಜೂನ್, ಸೆಪ್ಟೆಂಬರ್ ಚೆನ್ನ. ಜೂನ್‌ನಲ್ಲಿ ರಾತ್ರಿ ಹತ್ತರ ತನಕ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೇ ಕತ್ತಲು. ಆದರೆ ಪಬ್ಬಿಗೆಂದೇ ಹೋಗುವುದಾದರೆ ಚಳಿಗಾಲ ಕೆಟ್ಟದ್ದಲ್ಲ. ಹೊರಗೆ ಗಾಳಿ ಮಳೆ, ಒಳಗೆ ಬೆಂಕಿಯ ಗೂಡು, ಜನವೂ ಸ್ಥಳೀಯರೇ.

ಬ್ಯಾಂಕ್ ಹಾಲಿಡೇ ಸೋಮವಾರ ಬರುವ ವೀಕೆಂಡ್‌ಗಳಲ್ಲಿ ರೂಮಿನ ದರ ಏರಿರುತ್ತದೆ. ಮೇ, ಜೂನ್, ಆಗಸ್ಟ್ ತಿಂಗಳ ಮೊದಲ ಸೋಮವಾರ ಮತ್ತು ಅಕ್ಟೋಬರ್ ಕೊನೆಯ ಸೋಮವಾರ ನೋಡಿಕೊಳ್ಳಿ. ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ಸ್ ದಿನದ ಗಲಾಟೆ ಬೇಕೆನ್ನುವವರಿಗೆ ಅದು ಬೇರೆಯೇ ಪ್ರವಾಸ. ಗಾಲ್ವೇಗೆ ಜುಲೈ ಕೊನೆಯ ಹೊತ್ತಿಗೆ ಹೋಗಬೇಡಿ. ಅಲ್ಲಿನ ಕುದುರೆ ರೇಸ್ ವಾರದಲ್ಲಿ ಹಾಸಿಗೆ ಸಿಗುವುದೇ ಕಷ್ಟ.

ಹೆಜ್ಜೆ 3: ದೂರದ ಊರು ಮೊದಲು, ವಿಮಾನದ ಊರು ಕೊನೆಗೆ

ಎರಡು ಊರು ಅಂದೆನಲ್ಲ, ನನ್ನ ಆಯ್ಕೆ ಗಾಲ್ವೇ ಮತ್ತು ಡಬ್ಲಿನ್. ಒಂದು ಪಶ್ಚಿಮ ಕರಾವಳಿ, ಇನ್ನೊಂದು ಪೂರ್ವ ಕರಾವಳಿ. ನಡುವೆ ಎರಡೂವರೆ ಗಂಟೆ ಅಷ್ಟೇ.

ಎಲ್ಲರೂ ಡಬ್ಲಿನ್ ಮೊದಲು ಮಾಡುತ್ತಾರೆ. ನೀವು ತಿರುಗಿಸಿ. ಶುಕ್ರವಾರ ಸಂಜೆ ಐದರೊಳಗೆ ಡಬ್ಲಿನ್‌ನಲ್ಲಿ ಇಳಿಯುವ ವಿಮಾನ ಹಿಡಿಯಿರಿ. ಊರೊಳಗೆ ಹೋಗಲೇಬೇಡಿ. ವಿಮಾನ ನಿಲ್ದಾಣದಿಂದಲೇ ಗಾಲ್ವೇಗೆ ಗೋಬಸ್, ಸಿಟಿಲಿಂಕ್ ಅನ್ನುವ ನೇರ ಬಸ್ಸುಗಳಿವೆ. ಎರಡೂವರೆಯಿಂದ ಮೂರು ಗಂಟೆ ಪ್ರಯಾಣ. ಆನ್‌ಲೈನ್‌ನಲ್ಲಿ ಸೀಟು ಕಾದಿರಿಸಿ. ವಿಮಾನ ಇಳಿಯುವ ಹೊತ್ತಿಗೂ ಬಸ್ಸಿಗೂ ನಡುವೆ ಒಂದೂವರೆ ಗಂಟೆ ಬಿಡಿ, ಪಾಸ್‌ಪೋರ್ಟ್ ಸಾಲು ಉದ್ದ ಇರುತ್ತದೆ. ಬ್ರಿಟನ್‌ನಿಂದ ಬಂದರೂ ಆ ಸಾಲು ತಪ್ಪುವುದಿಲ್ಲ.

ಈ ಕ್ರಮದಿಂದ ಎರಡು ಲಾಭ. ಶನಿವಾರ ಬೆಳಗ್ಗೆ ಗಾಲ್ವೇ ಸಂತೆ ಸಿಗುತ್ತದೆ. ಭಾನುವಾರ ನೀವು ವಿಮಾನವಿರುವ ಊರಿನಲ್ಲೇ ಇರುತ್ತೀರಿ, ಬಸ್ಸು ತಡವಾದರೆ ಅನ್ನುವ ಆತಂಕವಿಲ್ಲ. ವಿಮಾನ ಇಳಿಯುವುದೇ ರಾತ್ರಿ ಎಂಟಾದರೆ ಮಾತ್ರ ಡಬ್ಲಿನ್‌ನಲ್ಲೇ ಮಲಗಿ, ಶನಿವಾರ ಮೊದಲ ರೈಲು ಹಿಡಿಯಿರಿ.

ಬ್ರಿಟನ್‌ನಲ್ಲಿರುವವರಿಗೆ ಹಡಗಿನ ದಾರಿಯೂ ಇದೆ. ಹೋಲಿಹೆಡ್‌ನಿಂದ ಡಬ್ಲಿನ್ ಬಂದರಿಗೆ ಸುಮಾರು ಮೂರೂಕಾಲು ಗಂಟೆ. ರೈಲು ಮತ್ತು ಹಡಗು ಸೇರಿದ 'ಸೇಲ್‌ರೈಲ್' ಟಿಕೆಟ್ ಕೊನೆ ಗಳಿಗೆಯಲ್ಲಿ ವಿಮಾನಕ್ಕಿಂತ ಅಗ್ಗ ಬೀಳುತ್ತದೆ.

ಮೋಹರ್ ಬಂಡೆಗಳನ್ನು ಬಿಡಬೇಕಾ? ಈ ಸಲ ಬಿಡಿ. 214 ಮೀಟರ್ ಎತ್ತರದ ಆ ಬಂಡೆಗಳಿಗೆ ಒಂದು ಪೂರ್ತಿ ದಿನ ಕೊಡಬೇಕು. ಎರಡು ದಿನದಲ್ಲಿ ಅದನ್ನೂ ತುರುಕಿದರೆ ಊರೂ ಇಲ್ಲ, ಪಬ್ಬೂ ಇಲ್ಲ, ಬಸ್ಸಿನ ಕಿಟಕಿ ಮಾತ್ರ. ಕಾರು ಬಾಡಿಗೆಗೂ ಹೋಗಬೇಡಿ. ಎರಡೂ ಊರಿನ ನಡುಭಾಗ ನಡೆದೇ ಮುಗಿಯುತ್ತದೆ. ಕುಡಿದು ಓಡಿಸುವ ಬಗ್ಗೆ ಕಾನೂನು ಬಹಳ ಬಿಗಿ.

ಹೆಜ್ಜೆ 4: ರೂಮು ಎಲ್ಲಿ?

ಗಾಲ್ವೇಯಲ್ಲಿ ಐರ್ ಸ್ಕ್ವೇರ್ ಸುತ್ತಮುತ್ತ. ಬಸ್ ನಿಲ್ದಾಣವೂ ರೈಲು ನಿಲ್ದಾಣವೂ ಅದರ ಪಕ್ಕದಲ್ಲೇ ಇವೆ. ಡಬ್ಲಿನ್‌ನಲ್ಲಿ ಟೆಂಪಲ್ ಬಾರ್ ಕಡೆ ಬೇಡ, ಬೆಳಗಿನ ಜಾವದವರೆಗೂ ಕೂಗಾಟ. ಸ್ಮಿತ್‌ಫೀಲ್ಡ್ ಅನ್ನುವ ಚೌಕದ ಹತ್ತಿರ ನೋಡಿ. ಗಾಲ್ವೇ ರೈಲು ಬಂದು ನಿಲ್ಲುವ ಹ್ಯೂಸ್ಟನ್ ನಿಲ್ದಾಣದಿಂದ ಲುವಾಸ್ ಟ್ರ್ಯಾಮ್‌ನ ಕೆಂಪು ಮಾರ್ಗದಲ್ಲಿ ಎರಡೇ ಸ್ಟಾಪ್. ಶನಿವಾರ ರಾತ್ರಿ ನಾವು ಕೂರಬೇಕಾದ ಪಬ್ಬೂ ಅದೇ ಚೌಕದಲ್ಲಿದೆ.

ಇಬ್ಬರೇ ಇರುವುದರಿಂದ ಎರಡು ಹಾಸಿಗೆಯ ಟ್ವಿನ್ ರೂಮ್ ಅಂತ ಸ್ಪಷ್ಟವಾಗಿ ಆರಿಸಿ. ಡಬಲ್ ಅಂತ ಒತ್ತಿದರೆ ಒಂದೇ ಹಾಸಿಗೆ ಸಿಗುತ್ತದೆ.

ಹೆಜ್ಜೆ 5: ಬ್ಯಾಗು, ದುಡ್ಡು

ಬೆನ್ನಿಗೆ ಹಾಕುವ ಒಂದೊಂದು ಬ್ಯಾಗು ಸಾಕು, ಸಾಕು ಅಂದರೆ ನಿಜವಾಗಿ ಸಾಕು. ಭಾನುವಾರ ಅದನ್ನು ಹೊತ್ತೇ ತಿರುಗಬೇಕಾಗುತ್ತದೆ. ಕೊಡೆ ಬೇಡ. ಗಾಲ್ವೇ ಗಾಳಿಗೆ ಅದು ನಿಲ್ಲುವುದಿಲ್ಲ. ಟೋಪಿ ಇರುವ ಮಳೆ ಜಾಕೆಟ್ ಒಯ್ಯಿರಿ. ಪ್ಲಗ್ ಬ್ರಿಟನ್‌ನದೇ ಮೂರು ಚಪ್ಪಟೆ ಕಡ್ಡಿಯದು, ಯುರೋಪಿನಿಂದ ಬರುವವರು ಅಡಾಪ್ಟರ್ ಇಟ್ಟುಕೊಳ್ಳಿ.

ಕಾರ್ಡು ಎಲ್ಲ ಕಡೆ ನಡೆಯುತ್ತದೆ. ಆದರೂ ಕೆಲವು ಹಳೆ ಪಬ್‌ಗಳಿಗೆ ನಗದು ಬೇಕು, ಐವತ್ತು ಯೂರೋ ಇರಲಿ. ಡಬ್ಲಿನ್ ಸಿಟಿ ಬಸ್ಸಿನಲ್ಲಿ ನೋಟು ತೆಗೆದುಕೊಳ್ಳುವುದಿಲ್ಲ. ಚಿಲ್ಲರೆಯನ್ನು ಸರಿಯಾಗಿ ಎಣಿಸಿ ಹಾಕಬೇಕು, ಮಿಕ್ಕದ್ದು ವಾಪಸ್ ಕೊಡುವುದಿಲ್ಲ. ಲೀಪ್ ಕಾರ್ಡ್ ಕೊಂಡರೆ ಈ ತಲೆನೋವಿಲ್ಲ. ಸುಮಾರು 2 ಯೂರೋಗೆ 90 ನಿಮಿಷದೊಳಗೆ ಬಸ್ಸು, ಟ್ರ್ಯಾಮ್ ಬದಲಿಸಿ ಓಡಾಡಬಹುದು.

ಗೆಳೆಯನ ಜೊತೆಗಿನ ಲೆಕ್ಕಕ್ಕೆ ಅಲ್ಲಿನವರದೇ ಒಂದು ಪದ್ಧತಿ ಇದೆ, 'ಕಿಟಿ'. ಇಬ್ಬರೂ ಮೊದಲೇ ಸಮ ದುಡ್ಡು ಒಂದು ಪರ್ಸಿಗೆ ಹಾಕಿ. ಪಬ್ಬು, ಊಟ, ಬಸ್ಸು ಎಲ್ಲ ಅದರಿಂದ. ಖಾಲಿಯಾದರೆ ಮತ್ತೆ ಸಮ ಹಾಕಿ. ಪ್ರತಿ ಬಿಲ್ಲಿಗೂ ಫೋನು ತೆಗೆದು ಭಾಗ ಮಾಡುತ್ತಾ ಕೂತರೆ ಮಾತೇ ನಿಂತುಹೋಗುತ್ತದೆ.

ಹೆಜ್ಜೆ 6: ಪಬ್ಬಿನೊಳಗೆ ನಡೆದುಕೊಳ್ಳುವ ರೀತಿ

ಗಾಲ್ವೇ ಬಸ್ಸಿನಲ್ಲಿ ಕೂತಾಗ ಇದನ್ನು ಇಬ್ಬರೂ ಓದಿಕೊಳ್ಳಿ.

ಹಳೆಯ ಪಬ್ಬಿನಲ್ಲಿ ಕುಡಿಯುವುದಕ್ಕೆ ಟೇಬಲ್ಲಿಗೆ ಬಂದು ಯಾರೂ ಕೇಳುವುದಿಲ್ಲ. ಕೌಂಟರಿಗೆ ನೀವೇ ಹೋಗಬೇಕು. ಅಲ್ಲಿ ಸಾಲು ಇರುವುದಿಲ್ಲ, ಆದರೆ ಯಾರು ಮೊದಲು ಬಂದರು ಅನ್ನುವುದು ಬಾರ್‌ನವರಿಗೆ ನೆನಪಿರುತ್ತದೆ. ಕೈ ಬೀಸಬೇಡಿ, ನೋಟು ಅಲ್ಲಾಡಿಸಬೇಡಿ. ಕಣ್ಣು ಸೇರಿದರೆ ಸಾಕು. ಕೌಂಟರಿನಲ್ಲಿ ಟಿಪ್ ಕೊಡುವ ರೂಢಿ ಇಲ್ಲ. ಊಟ ತಂದುಕೊಟ್ಟರೆ ಹತ್ತು ಪರ್ಸೆಂಟ್ ಇಡಿ.

ಪೈಂಟ್ ಅಂದರೆ 568 ಮಿಲಿಲೀಟರ್. ಅದರ ಅರ್ಧ ಬೇಕಾದರೆ 'ಎ ಗ್ಲಾಸ್' ಅನ್ನಿ. ಗಿನ್ನೆಸ್ ಕೇಳಿದರೆ ತಕ್ಷಣ ಕೈಗೆ ಬರುವುದಿಲ್ಲ. ಲೋಟ ಓರೆ ಹಿಡಿದು ಮುಕ್ಕಾಲು ತುಂಬಿ ಪಕ್ಕಕ್ಕಿಡುತ್ತಾರೆ. ಒಳಗಿನ ನೈಟ್ರೋಜನ್ ಗುಳ್ಳೆಗಳು ಇಳಿದು ಕಪ್ಪು ತಿಳಿಯಾಗಬೇಕು. ಆಮೇಲೆ ಮೇಲಿನ ಕೆನೆ ತುಂಬುತ್ತಾರೆ. ಒಟ್ಟು ಎರಡು ನಿಮಿಷ. ಅರ್ಧಕ್ಕೇ ಲೋಟ ಎತ್ತಿಕೊಳ್ಳಬೇಡಿ, ಬಾರ್‌ನವರಿಗೆ ಅದು ಬೇಸರ. ಬೆಲೆ ಸಾಮಾನ್ಯ ಪಬ್ಬಿನಲ್ಲಿ 6 ಯೂರೋ ಆಸುಪಾಸು, ಟೆಂಪಲ್ ಬಾರ್‌ನಲ್ಲಿ ಸುಮಾರು 10.

ಸಸ್ಯಾಹಾರಿಗಳಿಗೆ ಒಂದು ಮಾತು. ಮೊದಲು ಗಿನ್ನೆಸ್ ಸೋಸಲು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಬಳಸುತ್ತಿದ್ದರು. ಕೆಲವು ವರ್ಷಗಳ ಹಿಂದೆ ಅದನ್ನು ನಿಲ್ಲಿಸಿದ್ದಾರೆ.

ಇನ್ನು 'ರೌಂಡ್'. ಒಬ್ಬ ಎಲ್ಲರಿಗೂ ತರುತ್ತಾನೆ, ಮುಂದಿನ ಸಲ ಇನ್ನೊಬ್ಬ. ಇಬ್ಬರೇ ಇದ್ದಾಗ ಸುಲಭ. ಆದರೆ ಪಕ್ಕದ ಸ್ಥಳೀಯರ ಜೊತೆ ಮಾತು ಬೆಳೆದು ಅವರು ನಿಮಗೂ ಒಂದು ತಂದರೆ, ಮುಂದಿನದು ನಿಮ್ಮದು. ಅದನ್ನು ಮರೆತು ಎದ್ದು ಹೋಗುವುದು ದೊಡ್ಡ ಅಗೌರವ. ರೌಂಡಿಗೆ ಸೇರುವ ಮನಸ್ಸಿಲ್ಲದಿದ್ದರೆ ಮೊದಲೇ ನಗುತ್ತಾ ಹೇಳಿಬಿಡಿ, ಯಾರೂ ತಪ್ಪು ತಿಳಿಯುವುದಿಲ್ಲ.

ಕುಡಿಯದವರು ಏನು ಮಾಡಬೇಕು? ಈಗ ಎಲ್ಲ ಕಡೆ ಆಲ್ಕೋಹಾಲ್ ತೆಗೆದ ಬಿಯರು ಸಿಗುತ್ತದೆ, ಗಿನ್ನೆಸ್‌ನದೂ ಇದೆ. ಅದರ ರುಚಿಯೂ ಬೇಡ ಅನ್ನುವವರಿಗೆ ಕ್ಲಬ್ ಆರೆಂಜ್ ಅನ್ನುವ ಕಿತ್ತಳೆ ಸೋಡಾ, ಅಥವಾ ಬ್ಲ್ಯಾಕ್‌ಕರಂಟ್ ಶರಬತ್ತು. ಹಗಲಿನಲ್ಲಾದರೆ ಟೀ ಕೇಳಿ. ಐರಿಷ್ ಜನ ಟೀ ಕುಡಿಯುವುದರಲ್ಲಿ ಜಗತ್ತಿನಲ್ಲೇ ಮುಂದಿರುವವರು, ಟೀ ಕೂಡ ಕಡುವಾಗಿರುತ್ತದೆ. ನನ್ನ ಗೆಳೆಯ ಮಧ್ಯಾಹ್ನವೆಲ್ಲ ಟೀ ಪಾಟ್ ಮುಂದಿಟ್ಟುಕೊಂಡು ಕೂತಿದ್ದ. "ಯಾಕೆ ಕುಡಿಯಲ್ಲ" ಅಂತ ಒಬ್ಬರೂ ಕೇಳಲಿಲ್ಲ. ಒಂದು ಎಚ್ಚರಿಕೆ, ಐರಿಷ್ ಕಾಫಿ ಅಂದರೆ ಅದರಲ್ಲಿ ವಿಸ್ಕಿ ಇರುತ್ತದೆ.

ಒಳಗೆ ಹೊಗೆಯ ಕಾಟ ಇಲ್ಲ. ಪಬ್ಬೂ ಸೇರಿ ಕೆಲಸದ ಜಾಗಗಳಲ್ಲೆಲ್ಲ ಸಿಗರೇಟು ನಿಷೇಧಿಸಿದ ಮೊದಲ ದೇಶ ಐರ್ಲೆಂಡ್, 2004ರ ಮಾರ್ಚ್‌ನಲ್ಲಿ. ಶುಕ್ರವಾರ, ಶನಿವಾರ ಸಾಮಾನ್ಯ ಪಬ್ಬಿನಲ್ಲಿ ಕೊನೆಯ ಆರ್ಡರ್ ರಾತ್ರಿ 12.30ಕ್ಕೆ, ಭಾನುವಾರ 11ಕ್ಕೆ. ಲೋಟ ಮುಗಿಸಲು ಇನ್ನೂ ಅರ್ಧ ಗಂಟೆ ಕೊಡುತ್ತಾರೆ.

ಮಾತಾಡಬೇಕು ಅನ್ನಿಸಿದರೆ ಟೇಬಲ್ ಬಿಟ್ಟು ಕೌಂಟರಿನ ಸ್ಟೂಲ್ ಮೇಲೆ ಕೂರಿ. ಅಲ್ಲಿ ಕೂತವರನ್ನು ಮಾತಾಡಿಸುವುದು ಸಹಜ. ಮಳೆಯಿಂದ ಶುರು ಮಾಡಿ. ಬೆಂಗಳೂರಿನವರು ಅಂದರೆ ಇನ್ನೊಂದು ದಾರಿ ತಾನಾಗೇ ತೆರೆದುಕೊಳ್ಳುತ್ತದೆ. 2011ರ ವಿಶ್ವಕಪ್‌ನಲ್ಲಿ ನಮ್ಮ ಚಿನ್ನಸ್ವಾಮಿ ಸ್ಟೇಡಿಯಂನಲ್ಲೇ ಐರ್ಲೆಂಡ್ ಇಂಗ್ಲೆಂಡನ್ನು ಸೋಲಿಸಿತು. ಕೆವಿನ್ ಓಬ್ರಿಯನ್ 50 ಎಸೆತದಲ್ಲಿ ನೂರು ಹೊಡೆದ ಪಂದ್ಯ. ಕ್ರಿಕೆಟ್ ಅಲ್ಲಿ ದೊಡ್ಡ ಆಟ ಅಲ್ಲ, ಆದರೂ ಆ ರಾತ್ರಿ ಗೊತ್ತಿರುವವರು ಸಿಗುತ್ತಾರೆ. ಐರ್ಲೆಂಡನ್ನು ಬ್ರಿಟನ್‌ನ ಭಾಗ ಅನ್ನುವ ಹಾಗೆ ಮಾತ್ರ ಎಂದೂ ಮಾತಾಡಬೇಡಿ.

ಹೆಜ್ಜೆ 7: ಶುಕ್ರವಾರ ರಾತ್ರಿ, ಗಾಲ್ವೇ ಸೆಷನ್

ಬ್ಯಾಗು ರೂಮಿನಲ್ಲಿಟ್ಟು ಒಂಬತ್ತೂವರೆಗೆ ಹೊರಬೀಳಿ. ಬಸ್ಸಿನಲ್ಲೇ ಏನಾದರೂ ತಿಂದಿರಿ, ಪಬ್ ಅಡುಗೆಮನೆಗಳು ಹೆಚ್ಚಾಗಿ ಒಂಬತ್ತಕ್ಕೇ ಮುಚ್ಚುತ್ತವೆ.

ಐರ್ ಸ್ಕ್ವೇರ್‌ನಿಂದ ಶಾಪ್ ಸ್ಟ್ರೀಟ್ ಹಿಡಿದು ಇಳಿದರೆ ಬೀದಿಗೆ ಹೆಸರು ಬದಲಾಗುತ್ತಾ ಕೊನೆಗೆ ಕ್ವೇ ಸ್ಟ್ರೀಟ್ ಬರುತ್ತದೆ. ಅಲ್ಲಿನವರು ಅದನ್ನು 'ಕೀ ಸ್ಟ್ರೀಟ್' ಅನ್ನುತ್ತಾರೆ, ದಾರಿ ಕೇಳುವಾಗ ಹಾಗೇ ಕೇಳಿ. ವೀಕೆಂಡ್ ರಾತ್ರಿ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮದುವೆಗೆ ಮುಂಚಿನ ಪಾರ್ಟಿಯ ಗುಂಪುಗಳೇ ಜಾಸ್ತಿ. ದಾರಿಯಲ್ಲೇ ಸಿಗುವ ಟಿಗ್ ಕೋಲಿ ಪಬ್ಬಿನಲ್ಲಿ ಒಳ್ಳೆಯ ಸಂಗೀತ ಇರುತ್ತದೆ, ಜಾಗ ಸಿಕ್ಕರೆ ಕೂರಿ. ಸಿಗದಿದ್ದರೆ ಚಿಂತೆ ಬೇಡ. ಸೇತುವೆ ದಾಟಿ ಕೊರಿಬ್ ನದಿಯ ಆಚೆ ದಡಕ್ಕೆ ಹೋಗಿ. ಸೀ ರೋಡ್‌ನಲ್ಲಿ ಕ್ರೇನ್ ಬಾರ್ ಇದೆ. ಸಂಗೀತ ಕೇಳಲೆಂದೇ ಬರುವವರು ಅಲ್ಲಿ ಸೇರುತ್ತಾರೆ. ನನಗೆ ಅದೇ ಹೆಚ್ಚು ಇಷ್ಟ.

'ಸೆಷನ್' ಅಂದರೆ ಸ್ಟೇಜ್ ಶೋ ಅಲ್ಲ. ನಮ್ಮೂರ ದೇವಸ್ಥಾನದ ಜಗುಲಿಯಲ್ಲಿ ಶನಿವಾರ ಭಜನೆಗೆ ಕೂರುವವರನ್ನು ನೆನೆಸಿಕೊಳ್ಳಿ. ಒಂದು ಟೇಬಲ್ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಮುಖ ಒಬ್ಬರಿಗೊಬ್ಬರಿಗೆ, ನಮ್ಮ ಕಡೆಗಲ್ಲ. ಫಿಡಲ್, ಕೊಳಲು, ಟಿನ್ ವಿಸಲ್, ಕನ್ಸರ್ಟೀನಾ, ಕೈಯಲ್ಲಿ ಹಿಡಿದು ಕಡ್ಡಿಯಿಂದ ಬಾರಿಸುವ ಬೌರಾನ್ ಅನ್ನುವ ಚರ್ಮವಾದ್ಯ. ತೋಳಿನ ಸಂದಿಯ ತಿದಿಯಿಂದ ಗಾಳಿ ಒತ್ತಿ ನುಡಿಸುವ ಇಲ್ಲನ್ ಪೈಪ್ ಇದ್ದರೆ ನಿಮ್ಮ ಅದೃಷ್ಟ. ಕಾಗದ ಯಾರ ಮುಂದೆಯೂ ಇರುವುದಿಲ್ಲ. ಒಬ್ಬರು ಒಂದು ಮಟ್ಟು ಎತ್ತಿಕೊಳ್ಳುತ್ತಾರೆ, ಗೊತ್ತಿದ್ದವರು ಸೇರಿಕೊಳ್ಳುತ್ತಾರೆ. ಮೂರು ಸಲ ಸುತ್ತಿ, ನಿಲ್ಲಿಸದೆ ಇನ್ನೊಂದಕ್ಕೆ ದಾಟುತ್ತಾರೆ. ನಾಲ್ಕರ ಎಣಿಕೆಯಲ್ಲಿ ಓಡುವುದು ರೀಲ್. ಮೂರು ಮೂರಾಗಿ ಕುಣಿಯುವುದು ಜಿಗ್. ಒಂದು ಗಂಟೆ ಕೇಳಿದರೆ ನಿಮ್ಮ ಕಾಲಿಗೇ ವ್ಯತ್ಯಾಸ ಗೊತ್ತಾಗುತ್ತದೆ.

ಇಲ್ಲಿ ನಡತೆ ಬಹಳ ಮುಖ್ಯ. ಖಾಲಿ ಕಂಡರೂ ವಾದ್ಯದವರ ಮೂಲೆಯ ಕುರ್ಚಿಗಳಲ್ಲಿ ಕೂರಬೇಡಿ, ಅವು ಇನ್ನೊಬ್ಬ ವಾದಕರಿಗೆ ಇಟ್ಟಿರುವಂಥವು. ವಾದ್ಯ ನುಡಿಸುವಾಗ ಪಿಸುಮಾತಿನಲ್ಲಿ ಮಾತಾಡಬಹುದು, ಯಾರೂ ಸುಮ್ಮನಿರು ಅನ್ನುವುದಿಲ್ಲ. ಆದರೆ ಯಾರಾದರೂ ವಾದ್ಯವಿಲ್ಲದೆ ಕಣ್ಣುಮುಚ್ಚಿ ಒಬ್ಬರೇ ಹಾಡತೊಡಗಿದರೆ, ಲೋಟವನ್ನೂ ಸದ್ದಾಗದಂತೆ ಇಡಿ. ಆಗ ಬಾರ್‌ನವರೂ ಕೆಲಸ ನಿಲ್ಲಿಸಿ ಕೇಳುತ್ತಾರೆ. ಹಾಡಿನ ಬೇಡಿಕೆ ಇಡಬೇಡಿ. ತಾಳ ತಪ್ಪುವ ಚಪ್ಪಾಳೆ ಬೇಡ. ವಿಡಿಯೋ ಮಾಡುವ ಮೊದಲು ಒಂದು ಮಾತು ಕೇಳಿ, ಒಂದೇ ನಿಮಿಷ ಮಾಡಿ, ಫೋನು ಒಳಗಿಡಿ. ಮಧ್ಯೆ ಅವರು ವಾದ್ಯ ಕೆಳಗಿಟ್ಟು ಹರಟುವಾಗ ಹೋಗಿ ಚೆನ್ನಾಗಿತ್ತು ಅನ್ನಿ. ಅದು ಅವರಿಗೂ ಇಷ್ಟ.

ಹನ್ನೊಂದಾಯಿತು, ಇನ್ನೊಂದು ಪಬ್ ನೋಡೋಣ ಅಂತ ಎದ್ದುಬಿಡಬೇಡಿ. ಸೆಷನ್ ಬಿಸಿಯಾಗುವುದೇ ಆಗ.

ಹೆಜ್ಜೆ 8: ಶನಿವಾರ ಹಗಲು

ಬೆಳಗ್ಗೆ ಸೇಂಟ್ ನಿಕೊಲಾಸ್ ಚರ್ಚಿನ ಪಕ್ಕದ ಸಂತೆಗೆ ಹೋಗಿ. ಚರ್ಚು 1320ರದ್ದು. ಸಂತೆಯಲ್ಲಿ ಚೀಸು, ಬ್ರೆಡ್ಡು, ಬಿಸಿ ತಿಂಡಿ ಎಲ್ಲ ಇರುತ್ತದೆ, ಸಸ್ಯಾಹಾರಿಗಳಿಗೂ ಬೇಕಾದಷ್ಟು. 'ಫುಲ್ ಐರಿಷ್' ತಿಂಡಿ ತಿನ್ನುವವರು ಒಂದು ತಿಳಿದಿರಿ. ಅದರಲ್ಲಿನ ಕಪ್ಪು ಪುಡಿಂಗ್ ಹಂದಿಯ ರಕ್ತದಿಂದ ಮಾಡಿದ್ದು. ಬಿಳಿಯದ್ದರಲ್ಲಿ ರಕ್ತ ಇಲ್ಲ, ಆದರೆ ಹಂದಿಮಾಂಸವೇ.

ಅಲ್ಲಿಂದ 1584ರ ಸ್ಪ್ಯಾನಿಷ್ ಆರ್ಚ್. ಕಲ್ಲಿನ ಕಮಾನು ಚಿಕ್ಕದು, ಆದರೆ ನದಿ ಸಮುದ್ರ ಸೇರುವ ಜಾಗ ಅದು. ರಭಸ ನೋಡುತ್ತಾ ನಿಂತುಬಿಡುತ್ತೀರಿ. ಎದುರು ದಡದಲ್ಲಿ ಕ್ಲಾಡಾ, ಹಿಂದೆ ಮೀನುಗಾರರ ಊರಾಗಿತ್ತು. ಎರಡು ಕೈ ಒಂದು ಹೃದಯ ಹಿಡಿದು ಮೇಲೆ ಕಿರೀಟವಿರುವ ಉಂಗುರಕ್ಕೆ ಆ ಊರಿನ ಹೆಸರೇ. ಹಾಗೇ ಸಮುದ್ರದ ಬದಿ ಹಿಡಿದು ಸಾಲ್ಟ್‌ಹಿಲ್ ಕಡೆ ನಡೆಯಿರಿ. ದಾರಿಯ ಕೊನೆಯಲ್ಲಿ ಒಂದು ಗೋಡೆ ಇದೆ. ಅದನ್ನು ಕಾಲಿನಿಂದ ಒದ್ದು ತಿರುಗುವುದು ಊರಿನವರ ರೂಢಿ, ನೀವೂ ಒದೆಯಿರಿ. ನಾವಿಬ್ಬರೂ ಮಳೆಯಲ್ಲೇ ಅಲ್ಲಿಯವರೆಗೆ ನಡೆದೆವು. ಗೆಳೆಯನೊಬ್ಬನ ಜೊತೆ ಎಷ್ಟೋ ದಿನದಿಂದ ಆಡಬೇಕಿದ್ದ ಮಾತುಗಳಿದ್ದರೆ ಈ ದಾರಿ ಸರಿಯಾದ ಜಾಗ.

ಮಧ್ಯಾಹ್ನ ವಾಪಸ್ ಬಂದು ಕ್ವೇ ಸ್ಟ್ರೀಟ್ ಮೂಲೆಯ ನಾಟನ್ಸ್‌ನಲ್ಲಿ ಕೂರಿ. ಬೋರ್ಡಿನಲ್ಲಿ ಐರಿಷ್ ಭಾಷೆಯ ಹೆಸರಿದೆ, ಜನ ಹೀಗೆ ಕರೆಯುತ್ತಾರೆ. 1894ರಿಂದ ನಡೆದಿದೆ. ಒಳಗೆ ಮರದ ಗೋಡೆ ಹಾಕಿ ಬೇರೆ ಮಾಡಿದ ಪುಟ್ಟ ಪುಟ್ಟ ಕೋಣೆಗಳಿವೆ. ಹಗಲಿನಲ್ಲಿ ಅವುಗಳಲ್ಲಿ ಒಂದು ನಿಮ್ಮ ಪಾಲಿಗೆ ಸಿಗುತ್ತದೆ. ಮೀನು ತಿನ್ನುವವರಿಗೆ ಅದೇ ಬೀದಿಯಲ್ಲಿ ಮೆಕ್‌ಡೊನಾಸ್‌ನ ಫಿಶ್ ಅಂಡ್ ಚಿಪ್ಸ್ ಇದೆ. ತಿನ್ನದವರು ಯಾವುದೇ ಪಬ್ಬಿನಲ್ಲಿ ತರಕಾರಿ ಸೂಪ್ ಮತ್ತು ಕಂದು ಸೋಡಾ ಬ್ರೆಡ್ ಕೇಳಿ. ಬೆಣ್ಣೆ ಧಾರಾಳ ಕೊಡುತ್ತಾರೆ, ಮಳೆಗೆ ಇದಕ್ಕಿಂತ ಒಳ್ಳೆಯ ಊಟ ಇಲ್ಲ. ಸೂಪಿಗೆ ಕೋಳಿ ಸ್ಟಾಕ್ ಹಾಕಿದ್ದಾರಾ ಅಂತ ಕೇಳುವುದನ್ನು ಮರೆಯಬೇಡಿ. ಚೀಸ್ ಟೋಸ್ಟಿ ಎಲ್ಲ ಕಡೆ ಸಿಗುತ್ತದೆ, ಹ್ಯಾಮ್ ಬೇಡ ಅನ್ನಿ.

ಮೂರು ಗಂಟೆ ಹೊತ್ತಿನ ರೈಲಿಗೆ ಡಬ್ಲಿನ್. ಆನ್‌ಲೈನ್‌ನಲ್ಲಿ ಮುಂಚೆ ಕೊಂಡರೆ ಅಗ್ಗ, ಸೀಟಿನ ಮೇಲಿನ ಪರದೆಯಲ್ಲಿ ನಿಮ್ಮ ಹೆಸರು ಬರುತ್ತದೆ. ಅಥ್‌ಲೋನ್ ಹತ್ತಿರ ರೈಲು ಶ್ಯಾನನ್ ನದಿ ದಾಟುತ್ತದೆ. ದೇಶದ ಅತಿ ಉದ್ದದ ನದಿ. ಆಗ ಕಿಟಕಿ ನೋಡಿ.

ಗಾಲ್ವೇ ನೋಡಿದವರು ಅದರ ಬದಲು ದಕ್ಷಿಣದ ಕಾರ್ಕ್ ಊರು ಮಾಡಬಹುದು. ಹ್ಯೂಸ್ಟನ್‌ನಿಂದ ಅದಕ್ಕೂ ಎರಡೂವರೆ ಗಂಟೆ. 1788ರಿಂದ ನಡೆದಿರುವ ಇಂಗ್ಲಿಷ್ ಮಾರ್ಕೆಟ್ ಇದೆ. ಪಬ್ಬಿನಲ್ಲಿ ಗಿನ್ನೆಸ್ ಬದಲು ಊರಿನದೇ ಮರ್ಫೀಸ್ ಅಥವಾ ಬೀಮಿಶ್ ಕೇಳಿ, ಕಾರ್ಕ್‌ನವರು ಮೆಚ್ಚುತ್ತಾರೆ.

ಹೆಜ್ಜೆ 9: ಶನಿವಾರ ರಾತ್ರಿ, ಡಬ್ಲಿನ್

ಸ್ಮಿತ್‌ಫೀಲ್ಡ್ ಚೌಕದ ಮೂಲೆಯಲ್ಲಿ ಕಾಬಲ್‌ಸ್ಟೋನ್ ಪಬ್. ವೀಕೆಂಡ್‌ನಲ್ಲಿ ಸಂಗೀತ ಬೇಗ ಶುರುವಾಗುತ್ತದೆ, ಏಳರೊಳಗೆ ಒಳಗಿರಿ. ಈ ಪಬ್ ಇರುವ ಜಾಗದಲ್ಲಿ ಹೋಟೆಲ್ ಕಟ್ಟುವ ಯೋಜನೆ 2021ರಲ್ಲಿ ಬಂದಾಗ ಜನ ವಾದ್ಯಗಳ ಸಮೇತ ಬೀದಿಗಿಳಿದರು. ಆ ವರ್ಷವೇ ನಗರಸಭೆ ಅನುಮತಿ ನಿರಾಕರಿಸಿತು. ಒಂದು ಪಬ್ಬನ್ನು ಊರು ತನ್ನದು ಅಂದುಕೊಳ್ಳುವುದು ಹೇಗೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹಿಂದಿನ ರಾತ್ರಿ ಸಂಗೀತ ಸಾಕಷ್ಟಾಯಿತು, ಇವತ್ತು ಬರೀ ಮಾತು ಬೇಕು ಅನ್ನಿಸಿದರೆ ನದಿ ದಾಟಿ ಪೂಲ್‌ಬೆಗ್ ಸ್ಟ್ರೀಟಿನ ಮಲಿಗನ್ಸ್‌ಗೆ ಹೋಗಿ. ವಿಕ್ಟೋರಿಯಾ ಕಾಲದ ಕನ್ನಡಿ, ಮರದ ಕೆತ್ತನೆ ನೋಡಬೇಕಾದರೆ ಸೌತ್ ಗ್ರೇಟ್ ಜಾರ್ಜಸ್ ಸ್ಟ್ರೀಟಿನ ಲಾಂಗ್ ಹಾಲ್. ಸೌತ್ ಆನ್ ಸ್ಟ್ರೀಟಿನ ಕೀಹೋಸ್‌ನಲ್ಲಿ 'ಸ್ನಗ್' ನೋಡಿ. ಕೌಂಟರಿಗೆ ಅಂಟಿದ ಪುಟ್ಟ ಮುಚ್ಚಿದ ಕೋಣೆ ಅದು. ಹೆಂಗಸರು ಬಾರ್‌ನಲ್ಲಿ ಕಾಣಿಸಿಕೊಳ್ಳಬಾರದು ಅನ್ನುತ್ತಿದ್ದ ಕಾಲದಲ್ಲಿ ಅವರು ಅಲ್ಲಿ ಕೂರುತ್ತಿದ್ದರು. ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಒಂದನ್ನು ಮಾತ್ರ.

ಹೆಜ್ಜೆ 10: ಭಾನುವಾರ

ಬೆಳಗ್ಗೆ ಕಿಲ್ಮೇನಮ್ ಜೈಲು. ಗೈಡ್ ಜೊತೆ ಮಾತ್ರ ಬಿಡುತ್ತಾರೆ, ಟಿಕೆಟ್ ವಾರಗಳ ಮುಂಚೆ ಖಾಲಿ. ಬ್ರಿಟಿಷ್ ಆಳ್ವಿಕೆಯ ವಿರುದ್ಧ 1916ರಲ್ಲಿ ನಡೆದ ಈಸ್ಟರ್ ದಂಗೆಯ 14 ನಾಯಕರನ್ನು ಅದರ ಅಂಗಳದಲ್ಲಿ ಗುಂಡಿಟ್ಟು ಕೊಂದರು. ಆ ದಂಗೆಯ ಕಾಲಕ್ಕೆ ಡಬ್ಲಿನ್‌ನಲ್ಲಿ ಕಾನೂನು ಓದುತ್ತಿದ್ದ ಒಬ್ಬ ಭಾರತೀಯ ಯುವಕ ಅದೇ ವರ್ಷ ದೇಶಕ್ಕೆ ಮರಳಬೇಕಾಯಿತು. ವಿ.ವಿ. ಗಿರಿ. ಮುಂದೆ 1965ರಿಂದ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾದರು, 1969ರಲ್ಲಿ ರಾಷ್ಟ್ರಪತಿಯೂ ಆದರು. ಅವರು ಓದಿದ ಯೂನಿವರ್ಸಿಟಿ ಕಾಲೇಜಿನ ಅಂದಿನ ಕಟ್ಟಡ ಇಂದು ನ್ಯಾಷನಲ್ ಕಾನ್ಸರ್ಟ್ ಹಾಲ್. ಅದು ಸೇಂಟ್ ಸ್ಟೀಫನ್ಸ್ ಗ್ರೀನ್ ಪಾರ್ಕಿನ ಪಕ್ಕದ ಬೀದಿಯಲ್ಲಿದೆ, ಪಾರ್ಕಿನೊಳಗೆ ಠಾಗೋರರ ಪ್ರತಿಮೆಯೂ ಇದೆ. ಹೊತ್ತಿದ್ದರೆ ಆ ಕಡೆ ಹಾದುಬನ್ನಿ.

ಗಿನ್ನೆಸ್ ಕಾರ್ಖಾನೆಯಲ್ಲಿ ಪ್ರವಾಸಿಗರು ನೋಡುವ ಸ್ಟೋರ್‌ಹೌಸ್ ನನ್ನ ಪಟ್ಟಿಯಲ್ಲಿಲ್ಲ. ಟಿಕೆಟ್ ದುಬಾರಿ, ಜೊತೆಯವರು ಕುಡಿಯದಿದ್ದರೆ ಅವರಿಗೆ ಅರ್ಧ ದಿನ ದಂಡ. ಜೈಲಿನಿಂದ ಊರೊಳಗೆ ನಡೆದು ಬರುವಾಗ ಆ ಕಾರ್ಖಾನೆ ಇರುವ ಸೇಂಟ್ ಜೇಮ್ಸಸ್ ಗೇಟ್ ಹತ್ತಿರ ಸ್ವಲ್ಪ ನಿಲ್ಲಿ ಸಾಕು. ಗಾಳಿಯಲ್ಲಿ ಹುರಿದ ಬಾರ್ಲಿಯ ವಾಸನೆ ಇರುತ್ತದೆ. 1759ರಲ್ಲಿ ಆರ್ಥರ್ ಗಿನ್ನೆಸ್ ಈ ಜಾಗವನ್ನು ವರ್ಷಕ್ಕೆ 45 ಪೌಂಡಿನಂತೆ 9,000 ವರ್ಷಕ್ಕೆ ಗುತ್ತಿಗೆ ಪಡೆದದ್ದು ಇಲ್ಲೇ.

ಮಧ್ಯಾಹ್ನ ಬ್ಯಾಗು ಹೊತ್ತು ಉತ್ತರಕ್ಕೆ, ಗ್ಲಾಸ್‌ನೆವಿನ್‌ಗೆ ಬಸ್ಸು ಹಿಡಿಯಿರಿ. 1795ರ ಬೊಟಾನಿಕ್ ಗಾರ್ಡನ್ಸ್‌ಗೆ ಪ್ರವೇಶ ಉಚಿತ, ಗಾಜಿನ ಮನೆಗಳು ಬಹಳ ಚೆನ್ನಾಗಿವೆ. ಪಕ್ಕದಲ್ಲೇ ದೊಡ್ಡ ಸ್ಮಶಾನ, ಅದರ ಹಳೆಯ ಬಾಗಿಲಿಗೆ ಅಂಟಿಕೊಂಡು ಜಾನ್ ಕ್ಯಾವನಾ ಪಬ್. 1833ರದ್ದು. ಗುಂಡಿ ತೋಡುವವರು ಕೆಲಸ ಮುಗಿಸಿ ಬರುತ್ತಿದ್ದುದರಿಂದ ಎಲ್ಲರೂ 'ಗ್ರೇವ್‌ಡಿಗ್ಗರ್ಸ್' ಅಂತಲೇ ಕರೆಯುತ್ತಾರೆ. ಇಲ್ಲಿ ಸಂಗೀತ ಇಲ್ಲ, ಟಿವಿ ಇಲ್ಲ. ಮರದ ಬೆಂಚು, ಮಾತು, ಅಷ್ಟೇ. ಎರಡು ದಿನದ ಬಗ್ಗೆ ಮಾತಾಡಿ ಮುಗಿಸಲು ಇದಕ್ಕಿಂತ ಬೇರೆ ಪಬ್ ಹುಡುಕಬೇಕಿಲ್ಲ. ಇಲ್ಲಿಗೆ ನಗದು ಇಟ್ಟುಕೊಂಡಿರಿ.

ವಿಮಾನ ನಿಲ್ದಾಣ ಇರುವುದೂ ಊರಿನ ಉತ್ತರಕ್ಕೇ. ಡ್ರಮ್‌ಕಾಂಡ್ರಾ ರಸ್ತೆಗೆ ಇಪ್ಪತ್ತು ನಿಮಿಷ ನಡೆದರೆ ಅಲ್ಲಿಂದ ಸಿಟಿ ಬಸ್ಸು ಸಿಗುತ್ತದೆ, ಲೀಪ್ ಕಾರ್ಡ್ ನಡೆಯುತ್ತದೆ. ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳಿ, ಅಲ್ಲಿ ಎಲ್ಲರೂ ಹೇಳುತ್ತಾರೆ. ವಿಮಾನಕ್ಕೆ ಎರಡು ಗಂಟೆ ಮುಂಚೆ ಇರಿ. ಹಡಗಿನವರು ಡ್ರಮ್‌ಕಾಂಡ್ರಾದಿಂದ ಊರಿನ ಕಡೆ ಬಸ್ಸು ಹಿಡಿದು, ಅಲ್ಲಿಂದ ಬಂದರಿಗೆ ಹೋಗಿ. ಕಿಟಿಯಲ್ಲಿ ಉಳಿದ ಚಿಲ್ಲರೆಯನ್ನು ಬಸ್ಸು ಹತ್ತುವ ಮುಂಚೆಯೇ ಹಂಚಿಕೊಳ್ಳಿ, ನಿಲ್ದಾಣದ ಗಡಿಬಿಡಿಯಲ್ಲಿ ಅದು ಒಬ್ಬರ ಜೇಬಿನಲ್ಲೇ ಉಳಿದುಬಿಡುತ್ತದೆ.